ಎಂಟು ದಿನ ಮೊದಲು ಮಾಡಿದ ಅಭ್ಯಾಸ

ಕಳೆದ ನವೆಂಬರ್‌ನಲ್ಲಿ ಮಗಳ ಶಾಲೆಯಲ್ಲಿ ಬೆಂಕಿ ಅವಘಡದ ಅಣಕು ಕಾರ್ಯಾಚರಣೆ ನಡೆಯಿತು. ಪೋಷಕರ ಸಮಿತಿಯಲ್ಲಿ ಇರುವ ಕಾರಣ ನಾನೂ ಅಂದು ಅಲ್ಲಿದ್ದೆ. ಬೆಂಗಳೂರಿನ ಆ ಶಾಲೆಯ ಕಟ್ಟಡಕ್ಕೆ ನಾಲ್ಕು ಅಂತಸ್ತು. ಮುಂಭಾಗದಲ್ಲಿ ಅಗಲವಾದ ಮೆಟ್ಟಿಲು, ಹಿಂಭಾಗದಲ್ಲಿ ಕಿರಿದಾದ ಇನ್ನೊಂದು ಮೆಟ್ಟಿಲು. ಪ್ರತಿ ಅಂತಸ್ತಿನ ಗೋಡೆಯ ಮೇಲೂ ಒಂದು ನಕ್ಷೆ ತೂಗುಹಾಕಿದ್ದಾರೆ. ಯಾವ ತರಗತಿಯವರು ಯಾವ ಮೆಟ್ಟಿಲಿನಿಂದ ಇಳಿಯಬೇಕು, ಇಳಿದ ಮೇಲೆ ರಸ್ತೆಯಾಚೆಯ ಮೈದಾನದಲ್ಲಿ ಎಲ್ಲಿ ಸಾಲು ನಿಲ್ಲಬೇಕು ಎಂಬುದನ್ನು ಅದರಲ್ಲಿ ಕೆಂಪು ಬಾಣಗಳಿಂದ ಗುರುತಿಸಿದ್ದಾರೆ. ಗಂಟೆ ಬಾರಿಸಿತು. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದ್ದುದರಿಂದ ಎಲ್ಲ ಮಕ್ಕಳೂ ಮುಂದಿನ ಮೆಟ್ಟಿಲಿನಿಂದಲೇ ಇಳಿದು ಬಂದರು. ಬಿಸಿಲು ಜೋರಾಗಿತ್ತು, ಎಂಟು ನೂರು ಮಕ್ಕಳನ್ನು ರಸ್ತೆ ದಾಟಿಸುವುದು ತೊಡಕಿನ ಕೆಲಸ. ಆದ್ದರಿಂದ ಅವರನ್ನು ಪೋರ್ಟಿಕೋದ ನೆರಳಿನಲ್ಲಿ, ಎಂದರೆ ಹೊತ್ತಿ ಉರಿಯುತ್ತಿದೆ ಎಂದು ನಾವೆಲ್ಲ ಭಾವಿಸಿಕೊಳ್ಳಬೇಕಾಗಿದ್ದ ಅದೇ ಕಟ್ಟಡದ ಬುಡದಲ್ಲಿ, ನಿಲ್ಲಿಸಿ ಹಾಜರಿ ಕರೆದರು. ಫೋಟೋಗಳಾದವು. ಮೈದಾನಕ್ಕೆ ಏಕೆ ಹೋಗಲಿಲ್ಲ ಎಂದು ನಾನು ಕೇಳಿದಾಗ ಶಿಕ್ಷಕಿಯೊಬ್ಬರು ಬಹಳ ಸೌಜನ್ಯದಿಂದಲೇ ಉತ್ತರಿಸಿದರು: “ಇವತ್ತು ಬರೀ ಅಭ್ಯಾಸ ತಾನೇ ಮೇಡಂ, ನಿಜವಾಗಿ ಏನಾದರೂ ಆದರೆ ಮೈದಾನಕ್ಕೇ ಕರೆದುಕೊಂಡು ಹೋಗುತ್ತೇವೆ.”

ಅವರ ಮಾತಿನಲ್ಲಿ ಉಡಾಫೆ ಇರಲಿಲ್ಲ. ಆ ಬಿಸಿಲಿನಲ್ಲಿ ಒಂದನೇ ತರಗತಿಯ ಮಕ್ಕಳನ್ನು ನಿಲ್ಲಿಸಲು ಅವರಿಗೆ ನಿಜಕ್ಕೂ ಮನಸ್ಸು ಬಂದಿರಲಿಲ್ಲ. ಆದರೂ ಆ ಮಾತು ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಅಂಥದೇ ಸದುದ್ದೇಶದಿಂದ, ಅಂಥದೇ ಕಾರಣಕ್ಕೆ, ಜಪಾನಿನ ಕಡಲತೀರದ ಒಂದು ಪುಟ್ಟ ಊರಿನಲ್ಲಿ ಸುನಾಮಿಯ ಅಭ್ಯಾಸವನ್ನು ಸರಿಯಾದ ಜಾಗದಲ್ಲಿ ಮಾಡುವ ಬದಲು ಹತ್ತಿರದ ಜಾಗದಲ್ಲಿ ಮಾಡಿ ಮುಗಿಸಿದ್ದರು ಎಂಬುದನ್ನು ನಾನು ಬಲ್ಲೆ. ಅದು 2011ರ ಮಾರ್ಚ್ 3. ಸುನಾಮಿ ಬಂದದ್ದು ಮಾರ್ಚ್ 11ರಂದು. ನಡುವೆ ಎಂಟು ದಿನ.

ಹತ್ತಿಯ ಟೊಪ್ಪಿಗೆ

ಯಜಮಾನರ ಸಂಶೋಧನೆಯ ಕೆಲಸದ ನಿಮಿತ್ತ ನಾವು 2016ರ ಏಪ್ರಿಲ್‌ನಿಂದ ಮೂರು ವರ್ಷ ಈಶಾನ್ಯ ಜಪಾನಿನ ಸೆಂಡೈ ನಗರದಲ್ಲಿದ್ದೆವು. ಮಗಳು ಒಂದನೇ ತರಗತಿಗೆ ಸೇರಿದ್ದು ಅಲ್ಲಿಯ ಸರ್ಕಾರಿ ಶಾಲೆಗೆ. ಶಾಲೆ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಬಣ್ಣದ ಪೆನ್ಸಿಲು, ಒಳಾಂಗಣದ ಬೂಟುಗಳ ಜೊತೆಗೆ ‘ಬೋಸಾಯ್ ಝುಕಿನ್’ ಎಂಬುದೊಂದು ಇತ್ತು. ಒಳಗೆ ಹತ್ತಿಯಂಥ ದಪ್ಪನೆಯ ತುಂಬು ಇರುವ, ತಲೆಯಿಂದ ಹೆಗಲವರೆಗೆ ಇಳಿಬೀಳುವ ಬಟ್ಟೆಯ ಟೊಪ್ಪಿಗೆ ಅದು. ನಮ್ಮೂರಿನ ಕೂಸುಗಳಿಗೆ ಹಾಕುವ ಕುಲಾವಿಯನ್ನು ದೊಡ್ಡದು ಮಾಡಿ ಒಳಗೆ ಹಾಸಿಗೆಯ ಹತ್ತಿ ತುಂಬಿದಂತೆ ಕಾಣುತ್ತಿತ್ತು. ಉಳಿದ ದಿನಗಳಲ್ಲಿ ಅದನ್ನು ಮಡಿಚಿ ಮಗುವಿನ ಕುರ್ಚಿಯ ಮೇಲೆ ಮೆತ್ತೆಯಾಗಿ ಹಾಸಿರುತ್ತಾರೆ. ನೆಲ ನಡುಗಿದರೆ ಮಗು ಮೇಜಿನ ಕೆಳಗೆ ತೂರಿ, ಅದರ ಕಾಲನ್ನು ಹಿಡಿದುಕೊಂಡು, ಅಲುಗಾಟ ನಿಂತ ಮೇಲೆ ತಾನು ಕುಳಿತಿದ್ದ ಮೆತ್ತೆಯನ್ನೇ ತಲೆಗೆ ಹಾಕಿಕೊಂಡು ಹೊರಗೆ ಬರಬೇಕು. ಅದನ್ನು ಮೊದಲ ಸಲ ಮಗಳ ತಲೆಗಿಟ್ಟು ಗಲ್ಲದ ಕೆಳಗೆ ಕಟ್ಟಿದಾಗ ನನ್ನ ಕೈ ಒಂದು ಕ್ಷಣ ತಡೆದದ್ದು ಇವತ್ತಿಗೂ ನೆನಪಿದೆ. ಆರು ವರ್ಷದ ಮಗುವಿನ ತಲೆಯ ಮೇಲೆ ಏನೆಲ್ಲ ಬೀಳಬಹುದು ಎಂಬುದನ್ನು ಆ ಬಟ್ಟೆ ಬಾಯಿಬಿಟ್ಟು ಹೇಳುತ್ತಿತ್ತು.

ಅಭ್ಯಾಸ ತಿಂಗಳಿಗೊಮ್ಮೆ ಎನ್ನುವಷ್ಟು ಸಲ ನಡೆಯುತ್ತಿತ್ತು. ಮಕ್ಕಳಿಗೆ ಬಾಯಿಪಾಠವಾಗಿದ್ದ ನಾಲ್ಕು ಅಕ್ಷರ ‘ಒ-ಕಾ-ಶಿ-ಮೊ’: ತಳ್ಳಬೇಡ, ಓಡಬೇಡ, ಮಾತಾಡಬೇಡ, ಹಿಂತಿರುಗಬೇಡ ಎಂಬುದಕ್ಕೆ ಜಪಾನಿ ಭಾಷೆಯಲ್ಲಿರುವ ನಾಲ್ಕು ಪದಗಳ ಮೊದಲಕ್ಷರಗಳು. ‘ಒಕಾಶಿ’ ಎಂದರೆ ಸಿಹಿತಿಂಡಿ, ಆದ್ದರಿಂದ ಮಕ್ಕಳು ಮರೆಯುವುದಿಲ್ಲ. ಮಗಳು ಮನೆಯಲ್ಲಿ ಸ್ನಾನದ ಕೋಣೆಯಿಂದ ಹೊರಬರುವಾಗಲೂ ಅದನ್ನು ಹೇಳಿಕೊಳ್ಳುತ್ತಿದ್ದಳು. ಹಿಂತಿರುಗಬೇಡ ಎಂಬ ಕೊನೆಯ ಮಾತಿನ ಭಾರ ನನಗೆ ಆಗ ತಿಳಿದಿರಲಿಲ್ಲ.

ವರ್ಷಕ್ಕೊಮ್ಮೆ ಇನ್ನೊಂದು ಅಭ್ಯಾಸವಿತ್ತು. ಭೂಕಂಪವಾಯಿತು ಎಂದಿಟ್ಟುಕೊಂಡು ಪೋಷಕರು ಶಾಲೆಗೆ ಬಂದು ಮಕ್ಕಳನ್ನು ಕರೆದೊಯ್ಯುವುದು. ನಾವು ಸಾಲಿನಲ್ಲಿ ನಿಲ್ಲುತ್ತಿದ್ದೆವು. ಶಿಕ್ಷಕಿ ನಮ್ಮ ಹೆಸರು, ಮಗುವಿನೊಂದಿಗಿನ ಸಂಬಂಧ ಕೇಳಿ, ಪಟ್ಟಿಯಲ್ಲಿ ಗುರುತು ಹಾಕಿ ಮಗುವಿನ ಕೈಯನ್ನು ನಮ್ಮ ಕೈಗೆ ಕೊಡುತ್ತಿದ್ದರು. ಪ್ರತಿ ದಿನ ಕಾಣುವ ಶಿಕ್ಷಕಿಯೇ ಆದರೂ ಆ ದಿನ ನನ್ನ ಪರಿಚಯವೇ ಇಲ್ಲದವರಂತೆ ಎಲ್ಲವನ್ನೂ ಕೇಳುತ್ತಿದ್ದರು. ಒಮ್ಮೆ ಮಳೆ ಸುರಿಯುತ್ತಿತ್ತು. ನಾನು ಮನಸ್ಸಿನಲ್ಲಿ ‘ಇವತ್ತು ಮುಂದೂಡುತ್ತಾರೆ’ ಎಂದುಕೊಂಡೆ. ಮುಂದೂಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಾಯಿಯನ್ನು ಕೇಳಿದೆ. ಮಾರ್ಚ್ 11ರಂದು ಹಿಮ ಬೀಳುತ್ತಿತ್ತು ಎಂದಷ್ಟೇ ಹೇಳಿದರು. ನಾವು ಕೊಡೆ ಹಿಡಿದುಕೊಂಡು ಅರ್ಧ ಗಂಟೆ ನಿಂತೆವು.

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಕಲಿಯಲೆಂದು ಮತ್ತೆ ಮತ್ತೆ ಮಾಡುವುದು ಅಭ್ಯಾಸ. ಯೋಚಿಸದೆಯೇ ಕೈಕಾಲು ಮಾಡಿಬಿಡುವುದೂ ಅಭ್ಯಾಸ. ಸಂಗೀತ ಕಲಿಯುವವರಿಗೆ ಇದು ಗೊತ್ತು: ತಪ್ಪಾಗಿ ನೂರು ಸಲ ಹಾಡಿದ ಸಂಗತಿಯನ್ನು ಕಚೇರಿಯ ದಿನ ಸರಿಯಾಗಿ ಹಾಡಲಾಗುವುದಿಲ್ಲ, ಬಾಯಿ ತಪ್ಪಿನ ಕಡೆಗೇ ಹೋಗುತ್ತದೆ. ಮೊದಲನೆಯದು ಎರಡನೆಯದಾಗಿ ಮಾಗುವುದಕ್ಕೇ ನಾವು ಅಭ್ಯಾಸ ಮಾಡುತ್ತೇವೆ. ಈಶಾನ್ಯ ಜಪಾನಿನ ತೋಹೊಕು ಪ್ರದೇಶಕ್ಕೆ 2011ರಲ್ಲಿ ಬಂದ ಸುನಾಮಿಯ ಬಗ್ಗೆ ಓದುತ್ತಾ, ಆ ಜಾಗಗಳಲ್ಲಿ ನಡೆದಾಡುತ್ತಾ ನನಗೆ ಮನವರಿಕೆಯಾದದ್ದು ಇದು: ಅಭ್ಯಾಸ ಮಾಡದಿದ್ದವರಿಗಿಂತ ತಪ್ಪು ಅಭ್ಯಾಸವಾಗಿದ್ದವರ ಸ್ಥಿತಿ ಹೆಚ್ಚು ದಾರುಣವಾಯಿತು.

ಮಾಮೂಲಿ ಎಂಬ ಮಾತು

2011ರ ಮಾರ್ಚ್ 11, ಶುಕ್ರವಾರ, ಮಧ್ಯಾಹ್ನ 2 ಗಂಟೆ 46 ನಿಮಿಷ. 9.0 ತೀವ್ರತೆ. ಪೆಸಿಫಿಕ್ ಫಲಕವು ಜಪಾನಿನ ಕೆಳಗೆ ಜಾರುವ ಗಡಿಯಲ್ಲಿ ಸುಮಾರು 500 ಕಿಲೋಮೀಟರ್ ಉದ್ದದ ಪಟ್ಟಿ ಸೀಳಿಕೊಂಡಿತು. ಓಶಿಕಾ ಪರ್ಯಾಯ ದ್ವೀಪ 5 ಮೀಟರಿಗೂ ಹೆಚ್ಚು ಪೂರ್ವಕ್ಕೆ ಸರಿದು, ಒಂದು ಮೀಟರಿಗೂ ಹೆಚ್ಚು ಕುಸಿಯಿತು. ಸುಮಾರು 15,900 ಜನ ಸತ್ತರು, 2,500ಕ್ಕೂ ಹೆಚ್ಚು ಜನರ ಪತ್ತೆ ಇಂದಿಗೂ ಇಲ್ಲ. ನೆಲದ ನಡುಕದಿಂದ ಸತ್ತವರು ಬಹಳ ಕಡಿಮೆ. ಹತ್ತರಲ್ಲಿ ಒಂಬತ್ತು ಜನರನ್ನು ಕೊಂಡೊಯ್ದದ್ದು ನೀರು. ಇದೆಲ್ಲ ಓದುಗರಿಗೆ ತಿಳಿದದ್ದೇ. ಅಷ್ಟಾಗಿ ತಿಳಿಯದಿರುವುದು ಅದರ ಹಿಂದಿನ ಒಂದು ವರ್ಷದ ಕಥೆ.

2010ರ ಫೆಬ್ರವರಿ ಕೊನೆಯಲ್ಲಿ ಚಿಲಿ ದೇಶದಲ್ಲಿ ದೊಡ್ಡ ಭೂಕಂಪವಾಗಿ, ಪೆಸಿಫಿಕ್ ಸಾಗರದ ಆಚೆಯಿಂದ ಸುನಾಮಿ ಬರುತ್ತದೆ ಎಂದು ಜಪಾನಿನ ಹವಾಮಾನ ಸಂಸ್ಥೆ ಈಶಾನ್ಯದ ಸಾನ್ರಿಕು ಕರಾವಳಿಗೆ 3 ಮೀಟರ್ ಎತ್ತರದ ಮಹಾಸುನಾಮಿಯ ಎಚ್ಚರಿಕೆ ಕೊಟ್ಟಿತು. ಬಂದದ್ದು ಅದರ ಅರ್ಧವೂ ಅಲ್ಲ. ಅಂದಾಜು ಹೆಚ್ಚಾಯಿತೆಂದು ಸಂಸ್ಥೆ ಜನರ ಕ್ಷಮೆಯನ್ನೂ ಕೇಳಿತು. ಮುಂದಿನ ವರ್ಷ, ಮಾರ್ಚ್ 9ರಂದು, ಎಂದರೆ ಮಹಾಕಂಪಕ್ಕೆ ಎರಡೇ ದಿನ ಮೊದಲು, ಅದೇ ಸಮುದ್ರದಲ್ಲಿ 7.3 ತೀವ್ರತೆಯ ಭೂಕಂಪವಾಯಿತು. ಸುನಾಮಿಯ ಸೂಚನೆ ಹೊರಟಿತು. ಬಂದ ಅಲೆ ಅರ್ಧ ಮೀಟರಿನಷ್ಟು. ಸೈರನ್ ಮೊಳಗುವುದು, ಸ್ವಲ್ಪ ನೀರು ಏರಿ ಇಳಿಯುವುದು, ಜನ ಮನೆಗೆ ಮರಳುವುದು: ಇದೂ ಅಭ್ಯಾಸವೇ ಆಗಿಹೋಯಿತು. ನಾವು ‘ಮಾಮೂಲಿ’ ಎನ್ನುತ್ತೇವಲ್ಲ, ಆ ಮಾತು ಎಲ್ಲ ಊರುಗಳಲ್ಲೂ ಒಂದೇ ರೀತಿ ಹುಟ್ಟುತ್ತದೆ.

ಮಾರ್ಚ್ 11ರಂದು ಭೂಕಂಪವಾದ ಮೂರೇ ನಿಮಿಷಕ್ಕೆ, 2 ಗಂಟೆ 49ಕ್ಕೆ, ಎಚ್ಚರಿಕೆ ಹೊರಟಿತ್ತು. ಅಷ್ಟು ಬೇಗ ಎಚ್ಚರಿಸುವ ವ್ಯವಸ್ಥೆ ಆಗ ಜಗತ್ತಿನ ಬೇರೆಲ್ಲೂ ಇರಲಿಲ್ಲ ಎಂದೇ ಹೇಳಬೇಕು. ಆದರೆ ಅಷ್ಟು ದೊಡ್ಡ ಕಂಪನವನ್ನು ಮೊದಲ ನಿಮಿಷಗಳಲ್ಲಿ ಅಳೆಯುವ ಸಾಮರ್ಥ್ಯ ಆಗಿನ ಲೆಕ್ಕಾಚಾರಕ್ಕೆ ಇರಲಿಲ್ಲ, ತೀವ್ರತೆ 7.9 ಎಂದು ಅಂದಾಜಾಯಿತು. ಮಿಯಾಗಿ ಪ್ರಾಂತ್ಯಕ್ಕೆ 6 ಮೀಟರ್, ಇವಾತೆ ಮತ್ತು ಫುಕುಶಿಮಾಗಳಿಗೆ 3 ಮೀಟರ್ ಎಂಬ ಅಂಕಿ ರೇಡಿಯೋ, ಟಿವಿ, ಧ್ವನಿವರ್ಧಕಗಳಲ್ಲಿ ಕೇಳಿಬಂತು. ಹತ್ತು ಮೀಟರಿನ ಕಡಲಗೋಡೆಯ ಹಿಂದೆ ಮನೆ ಕಟ್ಟಿಕೊಂಡವನಿಗೆ 3 ಮೀಟರ್ ಎಂಬ ಅಂಕಿ ಎಚ್ಚರಿಕೆಯಾಗಿ ಕೇಳಿಸುವುದಿಲ್ಲ, ಸಮಾಧಾನವಾಗಿ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಓಫುನಾತೊ ಬಂದರಿನಲ್ಲಿ ಮೊದಲ ಅಲೆ 20 ಸೆಂಟಿಮೀಟರ್ ಎಂಬ ಸುದ್ದಿಯೂ ಬಿತ್ತರವಾಯಿತು. 3 ಗಂಟೆ 14ಕ್ಕೆ ಎಚ್ಚರಿಕೆಯ ಅಂಕಿಗಳನ್ನು ಏರಿಸಿದರು, 3 ಗಂಟೆ 30ರ ಹೊತ್ತಿಗೆ ‘10 ಮೀಟರಿಗೂ ಹೆಚ್ಚು’ ಎಂದರು. ಅಷ್ಟರಲ್ಲಿ ಹಲವು ಊರುಗಳಲ್ಲಿ ವಿದ್ಯುತ್ ಹೋಗಿತ್ತು. ಮೊದಲು ಕೇಳಿದ ಅಂಕಿಯೇ ಅವರ ಪಾಲಿಗೆ ಕೊನೆಯ ಅಂಕಿಯೂ ಆಯಿತು.

ತಪ್ಪನ್ನು ಮುಚ್ಚಿಡದೆ ಆ ಸಂಸ್ಥೆ 2013ರಲ್ಲಿ ಪದ್ಧತಿಯನ್ನೇ ಬದಲಿಸಿತು ಎಂಬುದನ್ನು ಇಲ್ಲಿ ಹೇಳಲೇಬೇಕು. ಈಗ ಮಹಾಕಂಪವಾದಾಗ ಮೊದಲ ಎಚ್ಚರಿಕೆಯಲ್ಲಿ ಮೀಟರಿನ ಲೆಕ್ಕ ಇರುವುದಿಲ್ಲ. ‘ಬೃಹತ್’ ಎಂಬ ಒಂದೇ ಪದ ಇರುತ್ತದೆ. ಮೊದಲ ಅಲೆ ಚಿಕ್ಕದಾಗಿದ್ದರೆ ಅದರ ಎತ್ತರವನ್ನೂ ಹೇಳುವುದಿಲ್ಲ, ‘ಗಮನಿಸಲಾಗುತ್ತಿದೆ’ ಎನ್ನುತ್ತಾರೆ. ಅಂಕಿ ಕೊಟ್ಟರೆ ಜನ ಅದನ್ನು ತಮ್ಮ ಗೋಡೆಯ ಎತ್ತರದಿಂದ ಕಳೆಯುತ್ತಾರೆ. ಪದ ಕೊಟ್ಟರೆ ಓಡುತ್ತಾರೆ. ಭಾಷೆಯನ್ನು ಪ್ರೀತಿಸುವವಳಾಗಿ ನನಗೆ ಈ ಬದಲಾವಣೆಯ ಬಗ್ಗೆ ವಿಶೇಷ ಗೌರವವಿದೆ.

ಒಂದೇ ಊರಿನ ಎರಡು ದಾರಿ

ಇವಾತೆ ಪ್ರಾಂತ್ಯದ ಕಮಾಯಿಶಿ ನಗರಕ್ಕೆ ಸೇರಿದ ಉನೊಸುಮಾಯಿ, ಕಡಲ ಕೊಲ್ಲಿಯೊಂದರ ಒಡಲಲ್ಲಿರುವ ಊರು. 2018ರ ಶರತ್ಕಾಲದಲ್ಲಿ, ನಾವು ಭಾರತಕ್ಕೆ ಮರಳುವ ಕೆಲವು ತಿಂಗಳ ಮೊದಲು, ಬಾಡಿಗೆ ಕಾರು ಮಾಡಿಕೊಂಡು ಅಲ್ಲಿಗೆ ಹೋದೆವು. ಅಲ್ಲಿ ಪ್ರಾಥಮಿಕ ಶಾಲೆ ಮತ್ತು ಮಾಧ್ಯಮಿಕ ಶಾಲೆ ಅಕ್ಕಪಕ್ಕದಲ್ಲಿದ್ದವು. ಆ ಜಾಗದಲ್ಲಿ ಈಗ ರಗ್ಬಿ ಕ್ರೀಡಾಂಗಣವಿದೆ, ನಾವು ಹೋಗುವ ಹೊತ್ತಿಗೆ ಅದು ಆಗಷ್ಟೇ ತೆರೆದಿತ್ತು. ಎರಡೂ ಶಾಲೆಗಳು ಅಪಾಯದ ನಕ್ಷೆಯಲ್ಲಿ ಸುನಾಮಿ ತಲಪದ ಪ್ರದೇಶದಲ್ಲಿದ್ದವು. ಎಂದರೆ, ನಕ್ಷೆಯ ಪ್ರಕಾರ ಆ ಮಕ್ಕಳು ಇದ್ದಲ್ಲೇ ಕ್ಷೇಮವಾಗಿರಬೇಕಿತ್ತು.

ಆದರೆ ಕಮಾಯಿಶಿಯ ಶಾಲೆಗಳಲ್ಲಿ ಅದಕ್ಕೆ ಹಲವು ವರ್ಷ ಮೊದಲಿನಿಂದ ಬೇರೊಂದು ಪಾಠ ನಡೆದಿತ್ತು. ಗುನ್ಮಾ ವಿಶ್ವವಿದ್ಯಾಲಯದಲ್ಲಿದ್ದ ತೋಶಿತಾಕಾ ಕತಾದಾ ಎಂಬ ಪ್ರಾಧ್ಯಾಪಕರು ಶಿಕ್ಷಕರೊಂದಿಗೆ ಸೇರಿ ಮಕ್ಕಳಿಗೆ ಮೂರು ಮಾತು ಕಲಿಸಿದ್ದರು: ನಕ್ಷೆಯ ಊಹೆಯನ್ನು ನಂಬಿ ಕೂರಬೇಡ, ಆ ಹೊತ್ತಿಗೆ ನಿನ್ನಿಂದಾಗುವ ಎಲ್ಲವನ್ನೂ ಮಾಡು, ಬೇರೆಯವರಿಗೆ ಕಾಯದೆ ನೀನೇ ಮೊದಲು ಹೊರಡು. ಮೂರನೆಯದು ಕೇಳಲು ಸ್ವಾರ್ಥದಂತೆ ಕಾಣುತ್ತದೆ. ಎಲ್ಲರೂ ಸುಮ್ಮನೆ ನಿಂತಿರುವಾಗ ಒಬ್ಬ ಓಡಿದರೆ ಉಳಿದವರೂ ಓಡುತ್ತಾರೆ ಎಂಬ ಮನುಷ್ಯ ಸ್ವಭಾವದ ತಿಳಿವಳಿಕೆ ಅದರ ಹಿಂದಿದೆ.

ಅಂದು ವಿದ್ಯುತ್ ಹೋಗಿ ಶಾಲೆಯ ಧ್ವನಿವರ್ಧಕ ಸ್ತಬ್ಧವಾಗಿತ್ತು. ಮಾಧ್ಯಮಿಕ ಶಾಲೆಯ ಮಕ್ಕಳು ಯಾರ ಸೂಚನೆಗೂ ಕಾಯದೆ ಹೊರಟರು. ಪಕ್ಕದ ಪ್ರಾಥಮಿಕ ಶಾಲೆಯವರು ಮೊದಲು ಮೂರನೇ ಅಂತಸ್ತಿಗೆ ಹತ್ತಿದ್ದರು. ದೊಡ್ಡ ಮಕ್ಕಳು ಓಡುವುದನ್ನು ಕಂಡು ಅವರೂ ಇಳಿದು ಬಂದು ಸೇರಿಕೊಂಡರು. ಎಂಟು ನೂರು ಮೀಟರಿನಷ್ಟು ದೂರದಲ್ಲಿ ಮೊದಲೇ ಗೊತ್ತುಮಾಡಿದ್ದ ಜಾಗ ತಲಪಿದಾಗ ಪಕ್ಕದ ಗುಡ್ಡದ ಮಣ್ಣು ಕುಸಿಯುತ್ತಿರುವುದು ಕಾಣಿಸಿತು. ಅಲ್ಲಿ ನಿಲ್ಲುವುದು ಬೇಡವೆಂದು, ದೊಡ್ಡ ಮಕ್ಕಳು ಚಿಕ್ಕವರ ಕೈ ಹಿಡಿದು ಇನ್ನೂ ಮೇಲಿನ ವೃದ್ಧರ ಆರೈಕೆ ಕೇಂದ್ರಕ್ಕೆ ಓಡಿದರು. ಅವರು ಬಿಟ್ಟುಬಂದ ಜಾಗವನ್ನು ನೀರು ನುಂಗಿತು. ಅಲ್ಲಿಂದಲೂ ಮೇಲೆ ಹತ್ತಿದರು. ಸುಮಾರು ಆರು ನೂರು ಮಕ್ಕಳು ಹೀಗೆ ಉಳಿದರು. ಇಡೀ ಕಮಾಯಿಶಿಯಲ್ಲಿ ಆ ಹೊತ್ತಿನಲ್ಲಿ ಶಾಲೆಗಳ ಜವಾಬ್ದಾರಿಯಲ್ಲಿದ್ದ ಸುಮಾರು ಮೂರು ಸಾವಿರ ಮಕ್ಕಳು ಬದುಕಿದರು. ಸತ್ತ ಐದು ಮಕ್ಕಳು ಅಂದು ಶಾಲೆಗೆ ಬಾರದಿದ್ದವರು ಅಥವಾ ಮನೆಯವರೊಂದಿಗೆ ಹೋಗಿದ್ದವರು. ‘ಕಮಾಯಿಶಿಯ ಪವಾಡ’ ಎಂದು ಪತ್ರಿಕೆಗಳು ಬರೆದವು. ಪವಾಡ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ವರ್ಷಗಟ್ಟಲೆ ಓಡಿ ಕಲಿತ ದಾರಿಯಲ್ಲಿ ಮಕ್ಕಳು ಓಡಿದರು. ಗಮನಿಸಿ, ಮಗಳ ಶಾಲೆಯಲ್ಲಿ ‘ಓಡಬೇಡ’ ಎಂದು ಕಲಿಸುತ್ತಿದ್ದರು, ಇಲ್ಲಿ ‘ಓಡು’ ಎಂದು ಕಲಿಸಿದ್ದರು. ಕಟ್ಟಡದಿಂದ ಇಳಿಯುವ ಅಭ್ಯಾಸ ಬೇರೆ, ಕಡಲಿನಿಂದ ಪಾರಾಗುವ ಅಭ್ಯಾಸ ಬೇರೆ.

ನಾವು ಆ ದಾರಿಯನ್ನು ನಡೆದೆವು. ಇಳಿಜಾರು ಹೆಚ್ಚೇನೂ ಇಲ್ಲ, ಒಂದೂವರೆ ಕಿಲೋಮೀಟರಿನಷ್ಟು ಏರುದಾರಿ. ಅರ್ಧ ದಾರಿಗೆ ಮಗಳು ನಿಂತು, “ಅಮ್ಮಾ, ಆ ಮಕ್ಕಳ ಅಪ್ಪ ಅಮ್ಮ ಎಲ್ಲಿದ್ದರು?” ಎಂದು ಕೇಳಿದಳು. ಮಗು ಕೇಳಿದ್ದು ಸರಿಯಾದ ಪ್ರಶ್ನೆ. ಸಾನ್ರಿಕು ಕರಾವಳಿಯಲ್ಲಿ ‘ತ್ಸುನಾಮಿ ತೆಂದೆಂಕೊ’ ಎಂಬ ಮಾತಿದೆ. ತೆಂದೆಂಕೊ ಎಂದರೆ ‘ಅವರವರು ಬೇರೆ ಬೇರೆಯಾಗಿ’. ಸುನಾಮಿ ಬಂದಾಗ ತಂದೆ ತಾಯಿ, ಮಕ್ಕಳು ಎಂದು ನೋಡದೆ ಪ್ರತಿಯೊಬ್ಬರೂ ತಾವು ತಾವಾಗಿ ಎತ್ತರಕ್ಕೆ ಓಡಬೇಕು ಎಂಬುದು ಅದರ ತಿರುಳು. 1896ರಲ್ಲಿ ಸುಮಾರು 22,000, 1933ರಲ್ಲಿ ಸುಮಾರು 3,000 ಜನರನ್ನು ಕಳೆದುಕೊಂಡ ಕರಾವಳಿ ಅದು. ಒಬ್ಬರನ್ನು ಹುಡುಕಿಕೊಂಡು ಇನ್ನೊಬ್ಬರು ಹೋಗಿ ಮನೆಮನೆಗಳೇ ಅಳಿದ ಅನುಭವದಿಂದ ಬಂದ ಮಾತು. ಮೊದಲ ಸಲ ಕೇಳಿದಾಗ ನನಗೆ ಅದು ಕಲ್ಲೆದೆಯ ಮಾತು ಎನ್ನಿಸಿತ್ತು. ನಮ್ಮಲ್ಲಿ ತಾಯಿಯಾದವಳು ಬೆಂಕಿಗಾದರೂ ಹಾರಿ ಮಗುವನ್ನು ತರಬೇಕು, ಹಾಗೆ ಮಾಡದವಳನ್ನು ಯಾರೂ ಕ್ಷಮಿಸುವುದಿಲ್ಲ. ಕತಾದಾ ಅವರು ಮಕ್ಕಳನ್ನು ಎರಡು ಪ್ರಶ್ನೆ ಕೇಳುತ್ತಿದ್ದರಂತೆ: ಸುನಾಮಿ ಬಂದರೆ ನೀನು ಓಡುತ್ತೀಯಾ? ಓಡುತ್ತೇನೆ. ನಿನ್ನ ಅಮ್ಮ ಏನು ಮಾಡುತ್ತಾಳೆ? ನನ್ನನ್ನು ಹುಡುಕಿಕೊಂಡು ಬರುತ್ತಾಳೆ. ಹಾಗೆ ಬಂದರೆ ಅಮ್ಮನಿಗೆ ಏನಾಗುತ್ತದೆ ಎಂಬುದನ್ನು ಮಕ್ಕಳೇ ಯೋಚಿಸಬೇಕಾಗುತ್ತಿತ್ತು. ಆಮೇಲೆ ಅವರು ಹೇಳುತ್ತಿದ್ದುದು: ಇವತ್ತು ಮನೆಗೆ ಹೋಗಿ, ‘ನಾನು ಖಂಡಿತ ಓಡುತ್ತೇನೆ, ನೀನೂ ಓಡು’ ಎಂದು ಅಮ್ಮ ನಂಬುವವರೆಗೆ ಹೇಳು.

ತೆಂದೆಂಕೊ ಎಂಬುದು ಬಿಟ್ಟು ಓಡುವ ಮಾತಲ್ಲ, ಮೊದಲೇ ಆಡಿಟ್ಟುಕೊಂಡ ಭಾಷೆ ಎಂಬುದು ನನಗೆ ಅರ್ಥವಾದದ್ದು ಆ ಏರುದಾರಿಯಲ್ಲಿ. ಮಗು ಓಡಿರುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ತಾಯಿ ಓಡಬಲ್ಲಳು. ಆ ನಂಬಿಕೆ ಒಂದು ದಿನದ ಭಾಷಣದಿಂದ ಬರುವುದಿಲ್ಲ. ಮಗಳ ಪ್ರಶ್ನೆಗೆ ನಾನು ಅಂದು ಹೇಳಿದ್ದು, “ಅವರೂ ಬೇರೆ ಕಡೆಯಿಂದ ಗುಡ್ಡ ಹತ್ತುತ್ತಿದ್ದರು” ಎಂದು. ಹತ್ತಿದವರೂ ಇದ್ದರು, ಹತ್ತದವರೂ ಇದ್ದರು.

ಹತ್ತದವರ ಕಥೆ ಅದೇ ಊರಿನದು. ಉನೊಸುಮಾಯಿಯಲ್ಲಿ 2010ರ ಫೆಬ್ರವರಿಯಲ್ಲಿ ಎರಡು ಅಂತಸ್ತಿನ ಒಂದು ಹೊಸ ಕಟ್ಟಡ ತೆರೆದಿತ್ತು. ಅದರ ಹೆಸರೇ ವಿಪತ್ತು ತಡೆ ಕೇಂದ್ರ. ನೀರು ಇಳಿದ ಮೇಲೆ ನಿರಾಶ್ರಿತರು ಕೆಲ ದಿನ ಉಳಿಯಲಿಕ್ಕೆಂದು ಕಟ್ಟಿದ ಜಾಗ ಅದು. ಸುನಾಮಿ ಬರುವಾಗ ಓಡಿಹೋಗಬೇಕಾದ ಜಾಗಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಓಡಬೇಕಾದದ್ದು ಎತ್ತರದಲ್ಲಿರುವ ದೇವಾಲಯದ ಕಡೆಗೆ. ಆದರೆ ಮಾರ್ಚ್‌ನ ಚಳಿಯಲ್ಲಿ ವಯಸ್ಸಾದವರು ಅಲ್ಲಿಯವರೆಗೆ ಹತ್ತುವುದು ಕಷ್ಟ, ಹೀಗಾದರೆ ಅಭ್ಯಾಸಕ್ಕೆ ಜನವೇ ಬರುವುದಿಲ್ಲ ಎಂದು ಯೋಚಿಸಿ, ಅಭ್ಯಾಸದ ದಿನ ಈ ಕೇಂದ್ರದಲ್ಲಿಯೇ ಸೇರುವ ಏರ್ಪಾಡಾಯಿತು. 1933ರ ಸುನಾಮಿಯ ನೆನಪಿನ ದಿನ ಮಾರ್ಚ್ 3. ಆ ದಿನ ಜನ ಬಂದರು, ಸೇರಿದರು, ಅಭ್ಯಾಸ ಮುಗಿಸಿ ಮನೆಗೆ ಹೋದರು. ಎಂಟು ದಿನಗಳ ನಂತರ ನೆಲ ನಡುಗಿದಾಗ ಕಾಲುಗಳು ಎಂಟು ದಿನ ಮೊದಲು ಹೋಗಿದ್ದ ಕಡೆಗೇ ನಡೆದವು. ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ನೀರು ಚಾವಣಿಯ ಹತ್ತಿರಕ್ಕೆ ಏರಿತು. 160ಕ್ಕೂ ಹೆಚ್ಚು ಜನ ಅಲ್ಲಿ ಪ್ರಾಣ ಬಿಟ್ಟರೆಂದು ನಗರಾಡಳಿತದ ಅಂದಾಜು.

ಮಕ್ಕಳು ಬದುಕಿದ ಊರೂ ಅದೇ, ದೊಡ್ಡವರು ಸತ್ತ ಊರೂ ಅದೇ, ದಿನವೂ ಅದೇ. ಎರಡೂ ಗುಂಪುಗಳು ಅಭ್ಯಾಸವಾದ ಹಾಗೆಯೇ ನಡೆದುಕೊಂಡವು. ಅವರಲ್ಲಿ ಯಾರೂ ಉದಾಸೀನರಾಗಿರಲಿಲ್ಲ. ಅಭ್ಯಾಸಕ್ಕೆ ಬರುವಷ್ಟು ಕಾಳಜಿ ಇದ್ದವರೇ ಅಂದು ಆ ಕಟ್ಟಡಕ್ಕೆ ಬಂದದ್ದು. ಇದನ್ನು ಬರೆಯುವಾಗ ನನ್ನ ಗಂಟಲು ಕಟ್ಟುತ್ತದೆ. ನಾವು ಹೋದಾಗ ಆ ಕಟ್ಟಡವನ್ನು ಕೆಡವಿ ಆಗಿತ್ತು, ಅದೇ ಜಾಗದಲ್ಲಿ ಸ್ಮಾರಕದ ಕೆಲಸ ನಡೆಯುತ್ತಿತ್ತು.

ಐವತ್ತು ನಿಮಿಷ

ಮಿಯಾಗಿ ಪ್ರಾಂತ್ಯದ ಇಶಿನೊಮಾಕಿ ನಗರದ ಓಕಾವಾ ಪ್ರಾಥಮಿಕ ಶಾಲೆಗೆ ಹೋಗುವ ಧೈರ್ಯ ನನಗೆ ಮೊದಲೆರಡು ವರ್ಷ ಇರಲಿಲ್ಲ. ಸೆಂಡೈನಿಂದ ಹೆಚ್ಚು ದೂರವೇನಲ್ಲ. ಕಿತಾಕಾಮಿ ನದಿಯ ದಂಡೆಗುಂಟ ಹೋಗುವ ದಾರಿ. ಶರತ್ಕಾಲದಲ್ಲಿ ಎರಡೂ ಬದಿಗೆ ಆಳೆತ್ತರದ ಜೊಂಡು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ, ಗಾಳಿ ಬೀಸಿದರೆ ಸಮುದ್ರದಂತೆ ಸದ್ದು ಮಾಡುತ್ತದೆ. ಶಾಲೆ ಇದ್ದದ್ದು ನದಿ ಕಡಲು ಸೇರುವಲ್ಲಿಂದ ಸುಮಾರು 4 ಕಿಲೋಮೀಟರ್ ಒಳಗೆ. ಕೆಂಪು ಇಟ್ಟಿಗೆಯ, ದುಂಡನೆಯ, ಗಾಜಿನ ಕಿಟಕಿಗಳಿದ್ದ ಸುಂದರವಾದ ಕಟ್ಟಡ ಈಗ ಅಸ್ಥಿಪಂಜರವಾಗಿ ನಿಂತಿದೆ. ಎರಡು ಭಾಗಗಳನ್ನು ಕೂಡಿಸುತ್ತಿದ್ದ ಕಾಂಕ್ರೀಟಿನ ಮೇಲ್ದಾರಿ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಬಿದ್ದಿದೆ. ತರಗತಿಯ ಗೋಡೆಗಳಲ್ಲಿ ಚೀಲ ತೂಗುಹಾಕುವ ಕೊಕ್ಕೆಗಳ ಸಾಲು, ಅವುಗಳ ಮೇಲೆ ಮಕ್ಕಳ ಹೆಸರಿನ ಚೀಟಿಗಳು.

ಆ ಮಧ್ಯಾಹ್ನ ಶಾಲೆಯ ಅಂಗಳದಲ್ಲಿದ್ದ ಮಕ್ಕಳಲ್ಲಿ 74 ಮಂದಿ, 11 ಶಿಕ್ಷಕ ಸಿಬ್ಬಂದಿಯಲ್ಲಿ 10 ಮಂದಿ ಸತ್ತರು ಅಥವಾ ಕಾಣೆಯಾದರು. ಭೂಕಂಪದ ನಂತರ ನೀರು ಬರುವವರೆಗೆ ಸುಮಾರು ಐವತ್ತು ನಿಮಿಷ ಸಮಯವಿತ್ತು. ಮಕ್ಕಳು ಅಷ್ಟು ಹೊತ್ತೂ ಚಳಿಯಲ್ಲಿ ಅಂಗಳದಲ್ಲಿ ಕಾದರು. ಶಾಲೆಯ ಹಿಂದೆಯೇ ಗುಡ್ಡವಿದೆ. ಮಕ್ಕಳು ಪಾಠದ ಭಾಗವಾಗಿ ಅಲ್ಲಿ ಮರದ ದಿಮ್ಮಿಗಳ ಮೇಲೆ ಶಿಯಿತಾಕೆ ಅಣಬೆ ಬೆಳೆಯುತ್ತಿದ್ದರು, ಎಂದರೆ ಆ ಗುಡ್ಡ ಅವರಿಗೆ ಕಾಲಿನಿಂದ ಪರಿಚಯವಿದ್ದ ಗುಡ್ಡ. ಗುಡ್ಡಕ್ಕೆ ಹೋಗೋಣ ಎಂದು ಮಕ್ಕಳಲ್ಲೇ ಕೆಲವರು ಹೇಳಿದ್ದರು. ಮರ ಬೀಳಬಹುದು, ಮಣ್ಣು ಜಾರಬಹುದು ಎಂಬ ಅಳುಕು ದೊಡ್ಡವರಲ್ಲಿತ್ತು. ಕೊನೆಗೆ ಹೊರಟಾಗ ಗುಡ್ಡದ ಕಡೆಗಲ್ಲ, ನದಿಯ ಸೇತುವೆಯ ಬಳಿಯ ತುಸು ಎತ್ತರದ ಜಾಗದ ಕಡೆಗೆ ಹೊರಟರು. ನೀರು ಎದುರಿಗೇ ಬಂತು.

ಮಗಳು ಯಜಮಾನರೊಂದಿಗೆ ಗುಡ್ಡದ ಬದಿಯಲ್ಲಿ ಕಾಂಕ್ರೀಟು ಹಾಕಿದ ತಟ್ಟಿನವರೆಗೆ ಹತ್ತಿದಳು. ನಾನು ಅಂಗಳದಲ್ಲಿ ನಿಂತು ಗಡಿಯಾರ ನೋಡಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮೇಲಿನಿಂದ ಅವಳು ಕೈ ಬೀಸಿದಳು. ನಾನು ಬೀಸಲಿಲ್ಲ, ಆಗಲಿಲ್ಲ.

ಸತ್ತ ಶಿಕ್ಷಕರನ್ನು ದೂರುವುದು ಸುಲಭ, ಆದರೆ ನನಗೆ ಅದು ಸಲ್ಲದು ಎನ್ನಿಸುತ್ತದೆ. ಅವರೂ ಕೊನೆಯವರೆಗೆ ಮಕ್ಕಳೊಂದಿಗೆ ಇದ್ದರು. ಮೃತ ಮಕ್ಕಳ ಪೋಷಕರಲ್ಲಿ ಹಲವರು ಹೂಡಿದ ದಾವೆಯಲ್ಲಿ ಸೆಂಡೈ ಉಚ್ಚ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪು ಈ ಕಾರಣಕ್ಕೇ ನನಗೆ ಮುಖ್ಯವೆನಿಸುತ್ತದೆ. ಕೆಳ ನ್ಯಾಯಾಲಯ ಆ ದಿನದ ಕೊನೆಯ ನಿಮಿಷಗಳ ತಪ್ಪನ್ನು ಮುಖ್ಯವಾಗಿ ನೋಡಿತ್ತು. ಉಚ್ಚ ನ್ಯಾಯಾಲಯ ಅದಕ್ಕೂ ಹಿಂದಿನ ವರ್ಷಗಳತ್ತ ನೋಡಿತು. ಶಾಲೆಯ ತುರ್ತು ಕೈಪಿಡಿಯಲ್ಲಿ, ಅಂಗಳದಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂಬಲ್ಲಿ ‘ಹತ್ತಿರದ ಖಾಲಿ ಜಾಗ, ಉದ್ಯಾನ ಇತ್ಯಾದಿ’ ಎಂದು ಬರೆದಿತ್ತು. ಅಂಥ ಖಾಲಿ ಜಾಗ, ಅಂಥ ಉದ್ಯಾನ ಯಾವುದು ಎಂಬುದನ್ನು ಯಾರೂ ಗೊತ್ತುಮಾಡಿರಲಿಲ್ಲ. ನಗರದ ಶಿಕ್ಷಣ ಮಂಡಳಿಯೂ ಅದನ್ನು ಓದಿ ಪ್ರಶ್ನಿಸಿರಲಿಲ್ಲ. ಜಾಗದ ಹೆಸರು ಬರೆದು, ಅಲ್ಲಿಗೆ ಹೋಗುವ ಅಭ್ಯಾಸ ಮಾಡಿಸುವುದು ಶಾಲೆಯ ಮತ್ತು ಮಂಡಳಿಯ ಕರ್ತವ್ಯವಾಗಿತ್ತು, ನಕ್ಷೆಯಲ್ಲಿ ಶಾಲೆಗೆ ನೀರು ತಲಪುವುದಿಲ್ಲ ಎಂದಿದ್ದುದು ಅದಕ್ಕೆ ಸಬೂಬಾಗದು ಎಂದು ನ್ಯಾಯಾಲಯ ಹೇಳಿತು. ಸುಮಾರು 143 ಕೋಟಿ ಯೆನ್ ಪರಿಹಾರದ ಆ ತೀರ್ಪನ್ನು 2019ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಖಾಯಂಗೊಳಿಸಿತು.

‘ಇತ್ಯಾದಿ’ ಎಂಬ ಪದವನ್ನು ಈಗಲೂ ಯಾವುದೇ ಸುತ್ತೋಲೆಯಲ್ಲಿ ಕಂಡರೆ ನನ್ನ ಕಣ್ಣು ಅಲ್ಲೇ ನಿಲ್ಲುತ್ತದೆ. ಐವತ್ತು ನಿಮಿಷ ಆ ಅಂಗಳದಲ್ಲಿ ನಡೆದ ಚರ್ಚೆ, ಅದಕ್ಕೂ ಮುಂಚೆ ಯಾವುದೋ ಒಂದು ಸಾಮಾನ್ಯ ದಿನ, ಸಿಬ್ಬಂದಿಯ ಕೋಣೆಯಲ್ಲಿ, ಚಹಾ ಕುಡಿಯುತ್ತಾ ನಡೆಯಬೇಕಾಗಿದ್ದ ಚರ್ಚೆ. ಗುಡ್ಡದ ಮಣ್ಣು ಗಟ್ಟಿಯೋ ಸಡಿಲವೋ, ಚಿಕ್ಕ ಮಕ್ಕಳನ್ನು ಹತ್ತಿಸಬಹುದೋ ಇಲ್ಲವೋ ಎಂಬುದನ್ನು ನೆಲ ನಡುಗುತ್ತಿರುವಾಗ ತೀರ್ಮಾನಿಸುವ ಹೊಣೆಯನ್ನು ಯಾವ ಶಿಕ್ಷಕರ ಮೇಲೂ ಹೊರಿಸಬಾರದು.

ಸಾನ್ರಿಕು ಕರಾವಳಿಯ ಅನೆಯೋಶಿ ಎಂಬ ಹಳ್ಳಿಯ ಕಲ್ಲಿನ ಬಗ್ಗೆ ಅನೇಕರು ಓದಿರುತ್ತೀರಿ: ‘ಇಲ್ಲಿಂದ ಕೆಳಗೆ ಮನೆ ಕಟ್ಟಬೇಡಿ’ ಎಂದು 1933ರ ಸುನಾಮಿಯ ನಂತರ ಕೆತ್ತಿ ನಿಲ್ಲಿಸಿದ ಶಾಸನ. 2011ರಲ್ಲಿ ಆ ಕಣಿವೆಯಲ್ಲಿ ನೀರು 40 ಮೀಟರ್ ಎತ್ತರಕ್ಕೆ ನುಗ್ಗಿದರೂ ಕಲ್ಲಿನಿಂದ ಮೇಲಿದ್ದ ಮನೆಗಳಿಗೆ ತಲಪಲಿಲ್ಲ. ಅಂಥ ಕಲ್ಲುಗಳು ಆ ಕರಾವಳಿಯಲ್ಲಿ ನೂರಾರು ಇವೆ, ಹೆಚ್ಚಿನವುಗಳ ಕೆಳಗೆ ಊರುಗಳು ಮತ್ತೆ ಬೆಳೆದಿದ್ದವು. ಅನೆಯೋಶಿಯವರು ಆ ಕಲ್ಲನ್ನು ಓದಿ ಸುಮ್ಮನಾಗಲಿಲ್ಲ. ಬಂದರಿನಿಂದ ಮನೆಗೆ ದಿನವೂ ಆ ಏರನ್ನು ಹತ್ತಿ ಇಳಿದರು, ಮೀನಿನ ಬಲೆ ಹೊತ್ತುಕೊಂಡು, ಮಳೆಯಲ್ಲೂ ಹಿಮದಲ್ಲೂ. ಅನುಕೂಲಕ್ಕೆಂದು ಒಬ್ಬರೂ ಕೆಳಗೆ ಬರಲಿಲ್ಲ.

ಬೀಗ

ನವೆಂಬರ್‌ನ ಆ ಅಣಕು ಕಾರ್ಯಾಚರಣೆಯ ನಂತರ ನಾನು ಶಾಲೆಗೆ ಒಂದು ಪತ್ರ ಬರೆದೆ. ದೂರಿನ ಧಾಟಿಯಲ್ಲಿ ಬರೆಯಲಿಲ್ಲ. ಉನೊಸುಮಾಯಿಯ ಕಥೆಯನ್ನು ಒಂದು ಪುಟದಲ್ಲಿ ಬರೆದು, ಕೊನೆಯಲ್ಲಿ ಎರಡು ಬೇಡಿಕೆ ಇಟ್ಟೆ. ಮುಂದಿನ ಸಲ ಗೋಡೆಯ ಮೇಲಿನ ನಕ್ಷೆಯಲ್ಲಿ ಇದ್ದ ಹಾಗೆಯೇ ನಡೆಯಲಿ: ಹಿಂದಿನ ಮೆಟ್ಟಿಲು ತೆರೆಯಲಿ, ಮಕ್ಕಳು ಮೈದಾನದವರೆಗೆ ಹೋಗಲಿ. ಬೆಂಗಳೂರಿಗೆ ಕಡಲಿಲ್ಲ, ಇಲ್ಲಿ ಸುನಾಮಿಯ ಮಾತೇಕೆ ಎಂದು ಸಮಿತಿಯ ಸಭೆಯಲ್ಲಿ ಒಬ್ಬರು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದು. ಕಡಲಿನ ಬಗ್ಗೆ ಹೇಳುತ್ತಿಲ್ಲ, ಕಾಲುಗಳ ಬಗ್ಗೆ ಹೇಳುತ್ತಿದ್ದೇನೆ ಎಂದೆ. ನವೆಂಬರ್‌ನಲ್ಲಿ ನನಗೆ ಉತ್ತರ ಕೊಟ್ಟಿದ್ದ ಶಿಕ್ಷಕಿಯೇ ಎದ್ದು ನಿಂತು ಪತ್ರವನ್ನು ಎಲ್ಲರಿಗೂ ಓದಿ ಹೇಳಿದರು.

ಫೆಬ್ರವರಿಯಲ್ಲಿ ಮತ್ತೊಮ್ಮೆ ಗಂಟೆ ಬಾರಿಸಿತು. ಹಿಂದಿನ ಬಾಗಿಲಿನ ಬೀಗದ ಕೈ ಕಚೇರಿಯ ಗೋಡೆಯಲ್ಲಿ ಇರಬೇಕಾದ ಮೊಳೆಯಲ್ಲಿ ಇರಲಿಲ್ಲ. ಆಯಾ ಒಬ್ಬರು, ಕಾವಲುಗಾರರು, ಆಮೇಲೆ ಗುಮಾಸ್ತರು ಹುಡುಕಿದರು. ಕಾಗದದ ಚೀಟಿಯಿಲ್ಲದ ಮೂವತ್ತು ಕೀಲಿಗಳ ಗೊಂಚಲಿನಲ್ಲಿ ಒಂದೊಂದನ್ನೇ ಹಾಕಿ ನೋಡಿದರು. ಮೂರನೇ ಅಂತಸ್ತಿನ ಮಕ್ಕಳು ಬಾಗಿಲಿನ ಒಳಬದಿಯಲ್ಲೇ ಕಾಯುತ್ತಾ ನಿಂತಿದ್ದರು. ಹದಿನಾಲ್ಕನೆಯ ನಿಮಿಷಕ್ಕೆ ಬಾಗಿಲು ತೆರೆಯಿತು. ಮೆಟ್ಟಿಲಿನ ಎರಡನೆಯ ತಿರುವಿನಲ್ಲಿ ಮುರಿದ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಇಳಿಯಬೇಕಾಯಿತು. ಒಂಬತ್ತನೇ ತರಗತಿಯ ಸಾಲಿನಲ್ಲಿ ಮಗಳು ಕೊನೆಯಲ್ಲಿದ್ದಳು. ಮೈದಾನಕ್ಕೆ ಬಂದವಳ ಬಿಳಿ ಅಂಗಿಯ ತೋಳಿನ ಮೇಲೆ ಬೆಂಚಿನ ಧೂಳು ಮೆತ್ತಿಕೊಂಡಿತ್ತು.

ಬೆಂಚುಗಳನ್ನು ಸಾಗಿಸಲು ಮತ್ತೆ ಎರಡು ವಾರ ಹಿಡಿಯಿತು. ಕೀಲಿಯನ್ನು ಈಗ ಬಾಗಿಲಿನ ಪಕ್ಕದಲ್ಲೇ, ಗಾಜಿನ ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮುಂದಿನ ಅಭ್ಯಾಸ ಜೂನ್‌ನಲ್ಲಿ. ಅಂದು ಮಳೆ ಬಂದರೂ ಮುಂದೂಡುವುದಿಲ್ಲ ಎಂದು ಸುತ್ತೋಲೆಯಲ್ಲಿ ಬರೆದಿದ್ದಾರೆ.